ರೀಲಿನಲ್ಲಿ ಎರಡೇ ಉಳಿದಿದ್ದವು

ಚಿರಂಜೀವಿ ಸೌಭಾಗ್ಯವತಿ ಮಗಳಿಗೆ, ಕೊಪ್ಪಳದಿಂದ ಕಾಕಾನ ಆಶೀರ್ವಾದಗಳು.

ಊರಿನ ಸುದ್ದಿಯನ್ನೆಲ್ಲ ನಿನ್ನ ಅವ್ವ ಫೋನಿನಲ್ಲಿ ಹೇಳಿಯೇ ಇರುತ್ತಾಳೆ, ಬರೆಯುವುದಿಲ್ಲ. ನಿನ್ನ ಪತ್ರದ ಒಂದು ಸಾಲಿನಿಂದ ನಾಲ್ಕು ದಿನ ನನಗೆ ನೆಟ್ಟಗೆ ನಿದ್ದೆಯಿಲ್ಲ. ‘ಕಣ್ಣು ಮುಚ್ಚಿದರೆ ಮಗಳ ಎಳೆಯ ಮುಖ ಬರುವುದಿಲ್ಲ ಕಾಕಾ, ಅವಳ ಫೋಟೋ ಬರುತ್ತದೆ’ ಎಂದಿದ್ದೀಯಲ್ಲ, ಆ ಸಾಲು. ಹನ್ನೊಂದು ಸಾವಿರ ಫೋಟೋ ಇವೆ ಎಂದು ಅದರ ಹಿಂದಿನ ಸಾಲಿನಲ್ಲಿದೆ.

ಮೊದಲು ನಗು ಬಂತು. ನನ್ನ ಆಗ್ಫಾ ಕ್ಲಿಕ್ ಕ್ಯಾಮೆರಾದಲ್ಲಿ ಒಂದು ರೀಲಿಗೆ 12 ಫೋಟೋ. ಹಿಂಬದಿಯ ಕೆಂಪು ಕಿಂಡಿಯಲ್ಲಿ ಅಂಕಿ ನೋಡುತ್ತ ತಿರುಗಿಸಬೇಕು. ತುಂಬಿದ ರೀಲು ತೊಳೆಸಲು ದುಡ್ಡಿಲ್ಲದೆ ತಿಂಗಳುಗಟ್ಟಲೆ ಕಪಾಟಿನಲ್ಲಿ ಬಿದ್ದಿರುತ್ತಿತ್ತು. ಆಮೇಲೆ ನಮ್ಮ ಗೋಡೆಯ ಮೇಲಿನ ಫೋಟೋ ಕಣ್ಣಿಗೆ ಬಿತ್ತು. ನಗು ನಿಂತಿತು.

ಗವಿಮಠದ ಜಾತ್ರೆಯ ಫೋಟೋ ಅದು. ನಿನ್ನ ಅಪ್ಪನ ಹೆಗಲ ಮೇಲೆ ನನ್ನ ಮಗ, ಹಿಂದೆ ತೇರು. ಬಂದವರೆಲ್ಲ ಹೊಗಳುತ್ತಾರೆ. ಹುಡುಗ ದೊಡ್ಡಪ್ಪನ ಹೆಗಲೇರಿದ್ದು ಏಕೆಂದು ಇಷ್ಟು ವರ್ಷ ಯಾರೂ ಕೇಳಿಲ್ಲ. ಜನ ತೇರಿಗೆ ಉತ್ತತ್ತಿ, ಬಾಳೆಹಣ್ಣು ತೂರುತ್ತಿದ್ದರು. ಅವನು ಅಂಜಿ ನನ್ನ ಕಡೆಗೆ ಎರಡೂ ಕೈ ಚಾಚಿದ. ರೀಲಿನಲ್ಲಿ ಎರಡೇ ಉಳಿದಿದ್ದವು. ‘ತಡಿ, ಅಲುಗಾಡಬೇಡ’ ಎಂದೆ. ನಿನ್ನ ಅಪ್ಪ ಎತ್ತಿಕೊಂಡ. ಹುಡುಗ ಕ್ಯಾಮೆರಾವನ್ನು ಎಷ್ಟು ಚೆನ್ನಾಗಿ ನೋಡುತ್ತಿದ್ದಾನೆ ಎನ್ನುತ್ತಾರೆ ಜನ. ಅವನು ನೋಡುತ್ತಿರುವುದು ನನ್ನನ್ನು, ತಾಯಿ.

ಹಂಪಿಯನ್ನು 1856ರಲ್ಲಿ ಗ್ರೀನ್‌ಲಾ ಎಂಬ ಬ್ರಿಟಿಷ್ ಸೇನಾಧಿಕಾರಿ ಮೇಣ ಸವರಿದ ಕಾಗದದ ನೆಗೆಟಿವ್‌ಗಳಲ್ಲಿ ತೆಗೆದಿದ್ದಾನೆ. ಅವನ ಫೋಟೋದಲ್ಲಿ ವಿಠ್ಠಲ ಗುಡಿಯ ಕಲ್ಲಿನ ರಥಕ್ಕೆ ಇಟ್ಟಿಗೆಯ ಶಿಖರವಿದೆ. ಈಗ ಇಲ್ಲ, ಐವತ್ತು ರೂಪಾಯಿಯ ನೋಟಿನ ಮೇಲೂ ಬೋಳು ರಥವೇ. ಶಿಖರ ಇತ್ತೆಂದು ಫೋಟೋ ಸಾಕ್ಷಿ ಹೇಳುತ್ತದೆ, ಸರಿ. ಆದರೆ ಆ ಕಾಗದಕ್ಕೆ ನಿಮಿಷಗಟ್ಟಲೆ ಬೆಳಕು ಬೇಕಿತ್ತು. ಎದುರಿನಲ್ಲಿ ಯಾರಾದರೂ ನಡೆದುಹೋಗಿದ್ದರೆ ಅವರ ಗುರುತೂ ಉಳಿಯುತ್ತಿರಲಿಲ್ಲ. ನಿನ್ನ ಫೋನು ಕಣ್ಣು ಮಿಟುಕಿಸುವುದರೊಳಗೆ ತೆಗೆಯುತ್ತದೆ. ಆದರೂ ನಡೆದುಹೋಗುವ ಮಗು ಸಿಗಲಿಲ್ಲ ಎನ್ನುತ್ತೀ. ಇದಕ್ಕೆ ಏನು ಹೇಳಲಿ?

ನನ್ನ ಮಗ ಮೊನ್ನೆ ವಿಡಿಯೋ ಕರೆಯಲ್ಲಿ ಕಂಡ. ಅವನ ನೆತ್ತಿಯೂ ಆ ರಥದಂತಾಗಿದೆ. ಜಾತ್ರೆಯ ಹುಡುಗನನ್ನು ಆ ಮುಖದಲ್ಲಿ ಹುಡುಕಿದೆ, ಸಿಗಲಿಲ್ಲ. ಆದರೆ ಒಂದು ನೆನಪು ಇದೆ. ಬೇಸಿಗೆಯ ರಾತ್ರಿ, ಕರೆಂಟು ಹೋಗಿ ಮಾಳಿಗೆಯ ಮೇಲೆ ಮಲಗಿದ್ದೆವು. ಅವನು ನನ್ನ ಎದೆಯ ಮೇಲೆ ನಿದ್ದೆ ಹೋಗಿದ್ದ. ಅವನ ಬೆವರಿಗೆ ನನ್ನ ಬನಿಯನ್ ಒದ್ದೆಯಾಗಿತ್ತು. ಅದರ ಫೋಟೋ ಇಲ್ಲ. ಇದು ನನ್ನದೇ ನೆನಪೋ, ನಿನ್ನ ಕಾಕಿ ಹೇಳಿ ಹೇಳಿ ನನ್ನದಾಯಿತೋ, ಈಗ ಆಣೆ ಮಾಡಿ ಹೇಳಲಾರೆ. ಆ ಒದ್ದೆ ಮಾತ್ರ ಈಗಲೂ ಎದೆಗೆ ಹತ್ತುತ್ತದೆ. ಮುಖ ಬರುವುದಿಲ್ಲ ಎಂದೆಯಲ್ಲ, ನನಗೂ ಬರುವುದಿಲ್ಲ. ಅವಳ ಭಾರವಾದರೂ ತೋಳಿಗೆ ನೆನಪಿದೆಯೇ ನೋಡು.

ಫೋಟೋ ತೆಗೆಯಬೇಡ ಎನ್ನಲು ನಾನು ಯಾರು? ತೆಗೆ. ಹತ್ತಿಪ್ಪತ್ತನ್ನಾದರೂ ಕಾಗದಕ್ಕೆ ಹಾಕಿಸು. ಹಿಂದೆ ಊರು, ತಾರೀಖು, ಯಾರು ಎತ್ತಿಕೊಂಡಿದ್ದರು ಎಂದು ಬರೆದಿಡು. ಒತ್ತಿ ಬರೆಯಬೇಡ, ಮುಖದ ಮೇಲೆ ಅಚ್ಚು ಮೂಡುತ್ತದೆ. ಅಂಟಿನ ಹಾಳೆಯ ಆಲ್ಬಂ ಬೇಡ. ನಿಮ್ಮ ಮದುವೆಯ ಫೋಟೋಗಳನ್ನು ಅದರಿಂದ ಬಿಡಿಸಲು ಹೋಗಿ ಎರಡನ್ನು ಹರಿದೆ. ಈವರೆಗೆ ಹೇಳಿರಲಿಲ್ಲ, ಕ್ಷಮಿಸು. ಇನ್ನೇನೋ ಹೇಳಬೇಕೆಂದಿದ್ದೆ, ಮರೆತಿದೆ.

ಅವಳು ಕೈ ಚಾಚಿದಾಗ ಫೋನು ಎಲ್ಲಿ ಇಡುವುದೆಂದು ಯೋಚಿಸಬೇಡ. ಬೀಳಲಿ.

ಯುಗಾದಿಗೆ ಬರುವಾಗ ಅವಳನ್ನು ಕರೆತಾ. ಮೊಣಕಾಲು ಒಪ್ಪಿದರೆ ಮಠದ ಮೆಟ್ಟಿಲವರೆಗೆ ನಾನೇ ಹೊರುತ್ತೇನೆ. ಫೋನನ್ನು ಕಾಕಿಯ ಕೈಗೆ ಕೊಟ್ಟು ನೀನೂ ಪಕ್ಕದಲ್ಲಿ ನಿಲ್ಲು. ಅವಳು ತೆಗೆದರೆ ಎಲ್ಲರ ತಲೆ ಅರ್ಧವೇ ಬರುತ್ತದೆ, ಬರಲಿ.

ನಿನ್ನ ಕಾಕಾ