ಹುಬ್ಬು ಕಾಣದಿದ್ದರೆ ಪ್ರಶ್ನೆಯೇ ಕಾಣದು

ಮಾನ್ಯ ಸಂಪಾದಕರೇ,

ಸುದ್ದಿ ವಾಹಿನಿಗಳ ಮೂಲೆಯಲ್ಲಿ, ಅಂಚೆಚೀಟಿಯಷ್ಟು ಜಾಗದಲ್ಲಿ ನಿಂತು ಸನ್ನೆ ಭಾಷೆಯಲ್ಲಿ ವಾರ್ತೆ ಹೇಳುವವರನ್ನು ನೋಡಿ ‘ಏನು ಓವರ್ ಆಕ್ಟಿಂಗಪ್ಪಾ’ ಎಂದು ನಗುವವರಿದ್ದಾರೆ. ಆ ತುಣುಕಿಗೆ ತಮಾಷೆಯ ಸಂಗೀತ ಜೋಡಿಸಿ ಹಂಚುವವರೂ ಇದ್ದಾರೆ. ಸ್ಟುಡಿಯೊದೊಳಗಿಂದಲೇ ‘ಮುಖ ಸ್ವಲ್ಪ ಕಡಿಮೆ ಮಾಡಿ, ಕೈ ಇದ್ದರೆ ಸಾಕು’ ಎಂಬ ಸೂಚನೆ ಬರುವುದೂ ಉಂಟು. ಕನ್ನಡ ಬರೆಯುವವರಿಗೆ ‘ಒತ್ತು, ದೀರ್ಘ, ಕೊಂಬು ಎಲ್ಲ ಬಿಡಿ, ಮೂಲಾಕ್ಷರ ಇದ್ದರೆ ಸಾಕು’ ಎಂದಂತೆ ಇದು.

ಭಾರತೀಯ ಸನ್ನೆ ಭಾಷೆಯಲ್ಲಿ ‘ನೀವು’, ‘ಊಟ’, ‘ಮುಗಿಯಿತು’ ಎಂಬ ಮೂರು ಸನ್ನೆಗಳನ್ನು ಸಾಲಾಗಿ ಮಾಡಿ, ಮುಖ ಸುಮ್ಮನಿದ್ದರೆ ‘ನೀವು ಊಟ ಮಾಡಿದಿರಿ’ ಎಂದರ್ಥ. ಅದೇ ಕೈಗಳು, ಅದೇ ಕ್ರಮ. ಆದರೆ ಹುಬ್ಬು ಮೇಲೇರಿ, ಕಣ್ಣು ಅಗಲವಾಗಿ, ತಲೆ ಒಂದಿಷ್ಟು ಮುಂದೆ ಬಾಗಿ, ನೋಟ ಎದುರಿನವರ ಮೇಲೆ ನಿಂತರೆ ‘ಊಟ ಮಾಡಿದಿರಾ?’ ಎಂದಾಯಿತು. ನಾವು ಮಾತಿನ ಕೊನೆಗೆ ಸೇರಿಸುವ ಆ ‘ಆ’ ಅಲ್ಲಿ ಹುಬ್ಬಿನಲ್ಲಿದೆ. ‘ಏನು, ಎಲ್ಲಿ, ಯಾವಾಗ’ಗಳ ದಾರಿ ಬೇರೆ. ಅವಕ್ಕೆ ಪ್ರಶ್ನೆಯ ಸನ್ನೆಯೊಂದು ವಾಕ್ಯದ ತುದಿಯಲ್ಲಿ ಬರುತ್ತದೆ, ಜೊತೆಗೆ ಗದ್ದ ತುಸು ಮೇಲೇಳುತ್ತದೆ. (‘ಯಾರು’ ಎನ್ನಲು ಮೊದಲು ಮುಖದ ಸನ್ನೆ, ಆಮೇಲೆ ಪ್ರಶ್ನೆಯ ಸನ್ನೆ. ಗುರುತು ಇರುವುದು ಮುಖದಲ್ಲಿ ಎಂಬುದನ್ನು ಆ ಭಾಷೆ ಮರೆತಿಲ್ಲ.)

ಪ್ರಮಾಣವನ್ನು ಹೇಳುವುದೂ ಮುಖವೇ. ಮಳೆಗಾಲದ ಮುನ್ನೆಚ್ಚರಿಕೆಯನ್ನೇ ತೆಗೆದುಕೊಳ್ಳಿ. ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಯಲ್ಲಿ 64.5 ಮಿ.ಮೀ. ಮುಟ್ಟಿದರೆ ‘ಭಾರಿ’, 115.6 ಮುಟ್ಟಿದರೆ ‘ಅತಿ ಭಾರಿ’, 204.4 ಮೀರಿದರೆ ‘ಅತ್ಯಂತ ಭಾರಿ’. ಮಳೆಯ ಸನ್ನೆ ಮೂರಕ್ಕೂ ಅದೇ. ಕೈಯ ವೇಗ ಒಂದಿಷ್ಟು ಹೆಚ್ಚಬಹುದು. ಆದರೆ ‘ಅತಿ’ಯನ್ನೂ ‘ಅತ್ಯಂತ’ವನ್ನೂ ಬೇರೆ ಮಾಡುವುದು ಕಿರಿದಾದ ಕಣ್ಣು, ಉಬ್ಬಿದ ಕೆನ್ನೆ, ಬಿಗಿದ ತುಟಿ. ಕೊಡಗಿನಲ್ಲೋ ಕರಾವಳಿಯಲ್ಲೋ ಇದನ್ನು ನೋಡುತ್ತಿರುವ ಕಿವುಡ ವೀಕ್ಷಕರಿಗೆ ಕೆನ್ನೆ ಕಾಣದಿದ್ದರೆ ಮೂರೂ ಬರೀ ‘ಮಳೆ’.

ಇನ್ನು ಭಾವನೆ. ಮಾತಾಡುವವರ ಮುಖದಲ್ಲಿ ಸಿಟ್ಟು, ಬೇಸರ, ಸಂತೋಷ ನಿಧಾನವಾಗಿ ಮೂಡಿ ನಿಧಾನವಾಗಿ ಮಾಸುತ್ತವೆ. ವ್ಯಾಕರಣದ ಹುಬ್ಬು ಹಾಗಲ್ಲ, ವಾಕ್ಯದ ಜೊತೆ ಏರಿ ವಾಕ್ಯ ಮುಗಿದೊಡನೆ ಇಳಿಯುತ್ತದೆ. ಸಿಟ್ಟಿನಲ್ಲಿ ಕೇಳಿದ ಪ್ರಶ್ನೆಯಲ್ಲಿ ಎರಡೂ ಒಟ್ಟಿಗೆ ಬಂದು ಕೂರುತ್ತವೆ. ಪ್ರಶ್ನೆಗಾಗಿ ಹಣೆಯ ಸ್ನಾಯು ಹುಬ್ಬನ್ನು ಮೇಲೆತ್ತುತ್ತದೆ, ಸಿಟ್ಟಿಗಾಗಿ ಹುಬ್ಬುಗಳ ನಡುವಿನ ಸ್ನಾಯು ಅವನ್ನು ಒಳಕ್ಕೂ ಕೆಳಕ್ಕೂ ಎಳೆಯುತ್ತದೆ. ಆಗ ಹುಬ್ಬು ಏರಿಯೂ ಇರುತ್ತದೆ, ನಡುವೆ ಗಂಟೂ ಇರುತ್ತದೆ. ಈ ಭಾಷೆ ಬಲ್ಲವರು ಎರಡನ್ನೂ ಬಿಡಿಸಿ ಓದುತ್ತಾರೆ. ಬಾರದವರಿಗೆ ಅದು ವಿಚಿತ್ರ ಮುಖಭಾವ, ಅಷ್ಟೆ.

ಇನ್ನೊಂದು ತಪ್ಪು ತಿಳಿವಳಿಕೆ. ಸದನದಲ್ಲಿ ಶಾಸಕರೊಬ್ಬರು ಕೂಗಾಡಿದ್ದನ್ನು ಹೇಳುವಾಗ ದುಭಾಷಿಯ ಭುಜ ಒಂದು ಕಡೆ ತಿರುಗುತ್ತದೆ, ನೋಟ ಬದಲಾಗುತ್ತದೆ, ಮುಖ ಗಂಟಿಕ್ಕುತ್ತದೆ. ಅಷ್ಟು ಹೊತ್ತು ಅದು ಶಾಸಕರ ಮುಖ. ಬರಹದಲ್ಲಿ ಉದ್ಧರಣ ಚಿಹ್ನೆ ಮಾಡುವ ಕೆಲಸವನ್ನು ಇಲ್ಲಿ ಭುಜವೂ ನೋಟವೂ ಮಾಡುತ್ತವೆ. ಇದು ನವರಸ ಪ್ರದರ್ಶನವಲ್ಲ. ನಗುಮುಖ ಒಳ್ಳೆಯದೆಂದು ಸಾವಿನ ಸುದ್ದಿಗೂ ಹಲ್ಲು ಬಿಡುವ ಹೊಸಬರು ಮಾಡುವ ಹಾನಿ, ಗಂಟುಮುಖದ ದುಭಾಷಿ ಮಾಡುವುದಕ್ಕಿಂತ ದೊಡ್ಡದು.

ಹಾಗಾದರೆ ಪರದೆಯ ಮೇಲೆ ಏನು ಉಳಿಯುತ್ತದೆ? ಸ್ಕೇಲು ಹಿಡಿದು ನೋಡಬಹುದು. 32 ಇಂಚಿನ ಟಿ.ವಿ.ಯ ಚಿತ್ರದ ಎತ್ತರ ಸುಮಾರು 40 ಸೆಂ.ಮೀ. ದುಭಾಷಿಯ ಚೌಕಟ್ಟು ಅದರ ಕಾಲುಭಾಗ ಎತ್ತರ ಎಂದುಕೊಂಡರೆ 10 ಸೆಂ.ಮೀ. ಸೊಂಟದಿಂದ ತಲೆಯವರೆಗೆ ತೋರಿಸಿ, ಕೈ ಆಡಲು ಜಾಗ ಬಿಟ್ಟರೆ ಮುಖಕ್ಕೆ ಸಿಗುವುದು ಅದರ ಐದನೇ ಒಂದು ಪಾಲು, ಅಂದರೆ 2 ಸೆಂ.ಮೀ. ನಿಜದಲ್ಲಿ ಹುಬ್ಬು ಏರುವುದು ಹೆಚ್ಚೆಂದರೆ ಒಂದು ಸೆಂ.ಮೀ., ಪರದೆಯಲ್ಲಿ ಅದು ಒಂದೇ ಮಿ.ಮೀ. ಅದನ್ನು ಎರಡೂವರೆ ಮೀಟರ್ ದೂರದ ಕುರ್ಚಿಯಿಂದ ನೋಡಬೇಕು. ನೆಟ್ಟಗೆ ಹಿಡಿದ ಮೊಬೈಲಿನಲ್ಲಿ ಇಡೀ ಚಿತ್ರವೇ 4 ಸೆಂ.ಮೀ. ಎತ್ತರ. ಅಲ್ಲಿ ಮುಖ 2 ಮಿ.ಮೀ., ಹುಬ್ಬಿನ ಚಲನೆ ಅಕ್ಷರಶಃ ಕೂದಲೆಳೆಯಷ್ಟು. ಸನ್ನೆ ಭಾಷೆ ಬಲ್ಲವರ ದೃಷ್ಟಿ ನೆಲೆಸುವುದು ಕೈಯ ಮೇಲಲ್ಲ, ಮುಖದ ಮೇಲೆ. ಕೈಗಳನ್ನು ಅವರು ಕಣ್ಣಂಚಿನಲ್ಲೇ ಹಿಡಿದುಬಿಡುತ್ತಾರೆ. ಹಾಗಾಗಿ ಕೈ ದೊಡ್ಡದಾಗಿ ಕಂಡರೆ ಸಾಕೆಂಬ ವಾದವೂ ನಿಲ್ಲದು.

ಬ್ರಿಟನ್ನಿನ ಪ್ರಸಾರ ನಿಯಂತ್ರಕ ಸಂಸ್ಥೆ ಆಫ್‌ಕಾಮ್ ಇದಕ್ಕೊಂದು ಅಳತೆ ಇಟ್ಟಿದೆ: ದುಭಾಷಿಯ ಚಿತ್ರ ಪರದೆಯ ಆರನೇ ಒಂದು ಭಾಗಕ್ಕಿಂತ ಚಿಕ್ಕದಿರಕೂಡದು. ಅಗಲದಲ್ಲಿ ಮೂರನೇ ಒಂದು, ಎತ್ತರದಲ್ಲಿ ಅರ್ಧ ಕೊಟ್ಟರೆ ಆರನೇ ಒಂದಾಯಿತು, ಮುಖ ಎರಡು ಪಟ್ಟು ದೊಡ್ಡದಾಯಿತು. ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 42ನೇ ಸೆಕ್ಷನ್ ವಿದ್ಯುನ್ಮಾನ ಮಾಧ್ಯಮಕ್ಕೆ ಸನ್ನೆ ಭಾಷೆಯ ಅನುವಾದವನ್ನು ಹೇಳುತ್ತದೆ. ಮೂಲೆಯಲ್ಲಿ ಯಾರೋ ಕೈಯಾಡಿಸುತ್ತಿದ್ದರೆ ಕಾಯ್ದೆ ಪಾಲಿಸಿದಂತೆ ಎಂಬ ಲೆಕ್ಕಾಚಾರ ನಡೆದಿದೆ.

ಗಾತ್ರ ಸರಿಯಾದರೂ ಮುಖ ಕಳೆದುಹೋಗುವ ದಾರಿಗಳು ಹಲವು. ಮೇಲಿನಿಂದ ಮಾತ್ರ ಬೆಳಕು ಬಿಟ್ಟರೆ ಕಣ್ಣಿನ ಗುಳಿಗೆ ನೆರಳು ಬೀಳುತ್ತದೆ. ಮುಖದ ಮಟ್ಟದಲ್ಲಿ ಎರಡೂ ಪಕ್ಕದಿಂದ ಓರೆಯಾಗಿ ಮೆದು ಬೆಳಕು ಬೇಕು. ಹಣೆಗಿಳಿಯುವ ಕೂದಲು, ಹುಬ್ಬನ್ನೇ ಮುಚ್ಚುವ ದಪ್ಪ ಫ್ರೇಮಿನ ಕನ್ನಡಕ, ಮೇಲ್ತುಟಿ ಮುಚ್ಚುವ ಮೀಸೆ ಬೇಡ. ಹಿಂದಿನ ಪರದೆ ಒಂದೇ ಬಣ್ಣದ್ದಿರಲಿ, ಚರ್ಮದ ಬಣ್ಣಕ್ಕೆ ಎದ್ದು ಕಾಣುವಂಥದ್ದಿರಲಿ. ಇಂಟರ್ನೆಟ್ಟಿನಲ್ಲಿ ಬಿಡುವಾಗ ವಿಡಿಯೊವನ್ನು ಹಿಂಡಿ ಚಿಕ್ಕದು ಮಾಡಿದಷ್ಟೂ ಸಣ್ಣ ಮುಖದ ಸೂಕ್ಷ್ಮ ಗೆರೆಗಳು ಮೊದಲು ಅಳಿಸಿಹೋಗುತ್ತವೆ. 20–30 ನಿಮಿಷಕ್ಕೊಮ್ಮೆ ದುಭಾಷಿ ಬದಲಾಗಬೇಕು. ದಣಿದವರ ಕೈ ಹೇಗೋ ಓಡುತ್ತಿರುತ್ತದೆ, ಮುಖ ಸಪ್ಪಗಾಗಿರುತ್ತದೆ.

ಎಲ್ಲಕ್ಕಿಂತ ಕೆಟ್ಟದ್ದು ಅವಸರದ ಕತ್ತರಿ. ಮಾತನ್ನು ಕೇಳಿ, ಅರ್ಥ ಹಿಡಿದು ಸನ್ನೆಗೆ ತರುವಷ್ಟರಲ್ಲಿ ದುಭಾಷಿ ಕೆಲವು ಸೆಕೆಂಡು ಹಿಂದಿರುತ್ತಾರೆ. ನಿರೂಪಕರ ಮಾತು ಮುಗಿಯುತ್ತಿದ್ದಂತೆ ಜಾಹೀರಾತಿಗೆ ಹೋದರೆ ಸನ್ನೆಯ ವಾಕ್ಯದ ತುದಿ ತುಂಡಾಗುತ್ತದೆ. ಕನ್ನಡದಂತೆಯೇ ಅಲ್ಲೂ ‘ಇಲ್ಲ’ ಬರುವುದು ಕೊನೆಯಲ್ಲಿ. ‘ನಾಳೆ ಶಾಲೆಗೆ ರಜೆ ಇಲ್ಲ’ ಎಂಬುದು ‘ನಾಳೆ ಶಾಲೆಗೆ ರಜೆ’ ಎಂದಾಗಲು ಎರಡು ಸೆಕೆಂಡು ಸಾಕು. ಆ ಚೌಕಟ್ಟನ್ನು ಇನ್ನೈದು ಸೆಕೆಂಡು ಹಿಡಿದಿಟ್ಟರೆ ವಾಹಿನಿಗೆ ಆಗುವ ನಷ್ಟ ಅಷ್ಟರಲ್ಲೇ ಇದೆ.

ಪತ್ರಿಕೆಗಳೂ ಈಗ ವಿಡಿಯೊ ಮಾಡುತ್ತಿರುವುದರಿಂದ ತಮ್ಮಲ್ಲೂ ಒಂದು ವಿನಂತಿ. ಮುಖ್ಯಮಂತ್ರಿಗಳ ಪತ್ರಿಕಾಗೋಷ್ಠಿಯನ್ನೋ ಜಿಲ್ಲಾಧಿಕಾರಿಗಳ ಪ್ರಕಟಣೆಯನ್ನೋ ಮೊಬೈಲಿಗೆಂದು ಲಂಬವಾಗಿ ಕತ್ತರಿಸುವಾಗ ನಡುವಿನವರನ್ನು ಮಾತ್ರ ಇಟ್ಟುಕೊಂಡು ಎರಡೂ ಬದಿ ತೆಗೆಯುತ್ತಾರೆ. ಮೂಲೆಯಲ್ಲಿದ್ದ ದುಭಾಷಿ ಅಲ್ಲಿಗೆ ಮಾಯ. ಲಂಬ ಚೌಕಟ್ಟಿನ ಕೆಳಗಿನ ಅರ್ಧ ಸಾಮಾನ್ಯವಾಗಿ ಶೀರ್ಷಿಕೆಗೂ ಬಣ್ಣದ ಪಟ್ಟಿಗೂ ಹೋಗುತ್ತದೆ. ಅವರನ್ನು ಅಲ್ಲಿ ಕೂರಿಸಬಹುದು.

— ಸನ್ನೆ ಭಾಷೆಯ ದುಭಾಷಿಗಳು, ಮೈಸೂರು