ಎಬಿಎಸ್ ತೆಗೆದ ಕಾರಿನ ಹಿಂದಿನ ಬ್ರೇಕು: ಸೋದರಳಿಯನಿಗೆ ಒಂದು ಪತ್ರ

ಚಿರಂಜೀವಿ ಸುಹಾಸನಿಗೆ, ಹಾಸನದಿಂದ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ಕಾಗದವನ್ನೂ ಜೊತೆಗೆ ಕಳಿಸಿದ ಚಿತ್ರಗಳನ್ನೂ ಎರಡು ಸಲ ನೋಡಿದೆ. ಮಿಷಿಗನ್ನಿನಲ್ಲಿ ನೀನು ಕೊಂಡಿರುವ 1999ರ ಮಾಜ್ದಾ ಮಿಯಾಟಾ ಕಾರಿನ ಎಬಿಎಸ್ (ಜೋರಾಗಿ ತುಳಿದಾಗ ಚಕ್ರ ಲಾಕ್ ಆಗಿ, ಅಂದರೆ ತಿರುಗುವುದು ನಿಂತು, ಜಾರದಂತೆ ತಡೆಯುವ ವ್ಯವಸ್ಥೆ) ಕೆಟ್ಟಿದೆ, ಅದನ್ನು ಪೂರ್ತಿ ಕಳಚಿ ಹಿಂದಿನ ಬ್ರೇಕಿಗೆ ಹೋಗುವ ಒತ್ತಡವನ್ನು ತಗ್ಗಿಸುವ ಪ್ರೊಪೋರ್ಷನಿಂಗ್ ವಾಲ್ವ್ ಕೂರಿಸಬೇಕು, ಯಾವುದನ್ನು ಕೊಳ್ಳಲಿ ಎಂದು ಕೇಳಿದ್ದೀಯೆ. ಮೂವತ್ತು ವರ್ಷ ಗ್ಯಾರೇಜಿನಲ್ಲಿ ಬ್ರೇಕಿನ ಕೆಲಸ ಮಾಡಿದವನು ನಾನು; ಈ ವಿಷಯದಲ್ಲಿ ನಿನಗೆ ತಪ್ಪು ಹೇಳಿದರೆ ನನ್ನ ಅಕ್ಕನಿಗೆ ಮುಖ ತೋರಿಸುವುದು ಹೇಗೆ? ಆದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ಮೊದಲು ಒಂದು ಮಾತನ್ನು ನಿನ್ನೊಳಗೇ ತೀರ್ಮಾನಿಸಿಕೊ. ಈ ಕಾರು ಇನ್ನು ಮುಂದೆ ಸಾರ್ವಜನಿಕ ರಸ್ತೆಗೆ ಇಳಿಯುವುದುಂಟೇ? ವಾರಕ್ಕೊಂದು ಸಲ ಇಳಿಯುವುದಾದರೂ ಎಬಿಎಸ್ಸನ್ನು ತೆಗೆಯಬೇಡ; ಗುಜರಿಯಿಂದ ಅದೇ ಮಾದರಿಯ ಇನ್ನೊಂದು ಘಟಕವನ್ನು ತಂದು ಹಾಕಿಸು. 1978ರಲ್ಲಿ ಬಾಷ್ ಕಂಪನಿ ಮರ್ಸಿಡಿಸ್ ಎಸ್-ಕ್ಲಾಸಿಗೆ ಕೊಟ್ಟಾಗಿನಿಂದ ಆ ಪೆಟ್ಟಿಗೆ ಚಕ್ರಗಳು ಲಾಕ್ ಆಗದಂತೆ ಗಮನಿಸುತ್ತ ಬಂದಿದೆ. ಮಳೆಯಲ್ಲಿ ಎದುರಿಗೆ ಮಗು ಅಡ್ಡ ಬಂದ ಕ್ಷಣದಲ್ಲಿ ಯಾರ ಕಾಲಿಗೂ ಆ ಕೆಲಸ ಬರುವುದಿಲ್ಲ. ರೇಸ್ ಟ್ರ್ಯಾಕಿಗೆ ಟ್ರೇಲರಿನ ಮೇಲೆ ಹೋಗಿ ಟ್ರೇಲರಿನ ಮೇಲೆಯೇ ಮನೆಗೆ ಬರುವ ಕಾರೆಂದು ನೀನು ಬರೆದಿರುವುದನ್ನು ನಂಬಿಯೇ ಮುಂದಿನದನ್ನು ಹೇಳುತ್ತಿದ್ದೇನೆ.

ಬ್ರೇಕು ತುಳಿದಾಗ ಕಾರಿನ ಭಾರ ಮುಂದಕ್ಕೆ ವಾಲುತ್ತದೆಂಬುದು ನಿನಗೆ ಗೊತ್ತು. ಎಷ್ಟು ವಾಲುತ್ತದೆಂಬುದನ್ನು ಒಮ್ಮೆ ಲೆಕ್ಕ ಹಾಕಿ ನೋಡು. ನೀನು ಕೂತಾಗ ಕಾರು ಸುಮಾರು 1100 ಕಿಲೊ, ಮುಂದೆ ಹಿಂದೆ ಸರಿಸಮ ಎಂದಿಟ್ಟುಕೊ. ಎರಡು ಅಚ್ಚುಗಳ ನಡುವಿನ ಅಂತರ 2265 ಮಿಲಿಮೀಟರ್; ಭಾರಕೇಂದ್ರ ನೆಲದಿಂದ ಅಂದಾಜು 460 ಮಿಲಿಮೀಟರ್ ಎತ್ತರದಲ್ಲಿದೆ ಎನ್ನೋಣ. ಒಳ್ಳೆಯ ಟೈರಿನಲ್ಲಿ ಗುರುತ್ವದಷ್ಟೇ ಬಲವಾಗಿ ವೇಗ ಇಳಿಸಿದರೆ ಸುಮಾರು 223 ಕಿಲೊ ಹಿಂದಿನಿಂದ ಮುಂದಕ್ಕೆ ಹೋಗುತ್ತದೆ, ಹಿಂದಿನ ಚಕ್ರಗಳ ಪಾಲಿಗೆ ನೂರರಲ್ಲಿ 30 ಮಾತ್ರ ಉಳಿಯುತ್ತದೆ. ಅದೇ ನಿಧಾನವಾಗಿ, ಗುರುತ್ವದ ಹತ್ತರಲ್ಲಿ ನಾಲ್ಕು ಪಾಲಿನಷ್ಟು ತುಳಿದರೆ ಹಿಂದಿನ ಪಾಲು ನೂರರಲ್ಲಿ 42. ಹೀಗೆ ಹಿಂದಿನ ಚಕ್ರ ಹೊರಬಲ್ಲ ಬ್ರೇಕಿನ ಪಾಲು ತುಳಿತ ಹೆಚ್ಚಾದಂತೆಲ್ಲ ಕಡಿಮೆಯಾಗುತ್ತ ಹೋಗುವುದರಿಂದಲೇ ವಾಲ್ವ್ ಬೇಕಾಗಿರುವುದು.

ಆ ವಾಲ್ವ್ ಒತ್ತಡವನ್ನು ಸದಾ ಇಂತಿಷ್ಟು ಪಾಲು ಕಡಿಮೆ ಮಾಡುತ್ತದೆಂದು ಎಷ್ಟೋ ಮೆಕ್ಯಾನಿಕ್ಕುಗಳೇ ತಿಳಿದಿದ್ದಾರೆ. ಹಾಗಲ್ಲ. ಒಂದು ಮಿತಿಯವರೆಗೆ ಅದು ಏನೂ ಮಾಡದೆ ಮುಂದಿನಷ್ಟೇ ಒತ್ತಡವನ್ನು ಹಿಂದಕ್ಕೂ ಬಿಡುತ್ತದೆ. ಆ ಮಿತಿ ದಾಟಿದ ಮೇಲೆ ಏರುವ ಒತ್ತಡದಲ್ಲಿ ಒಂದು ಭಾಗವನ್ನು ಮಾತ್ರ ಬಿಡುತ್ತದೆ. ವಿಲ್‌ವುಡ್ ಕಂಪನಿಯ ತಿರುಗಿಸುವ ಗುಬ್ಬಿಯ (ನಾಬಿನ) ವಾಲ್ವಿನಲ್ಲಿ ಈ ಮಿತಿಯನ್ನು 100ರಿಂದ 1000 ಪಿಎಸ್‌ಐವರೆಗೆ (ಚದರ ಅಂಗುಲಕ್ಕೆ ಇಷ್ಟು ಪೌಂಡು ಎಂಬ ಒತ್ತಡದ ಅಳತೆ) ಬದಲಿಸಬಹುದು, ಅದರಾಚೆಗೆ ಏರುವ ಒತ್ತಡದಲ್ಲಿ ಹೆಚ್ಚೆಂದರೆ ನೂರಕ್ಕೆ 57ರಷ್ಟು ಕಡಿತವಾಗುತ್ತದೆ. ಮಿತಿಯನ್ನು 300ಕ್ಕೆ ಇಟ್ಟು ಮುಂದಿನ ಬ್ರೇಕಿಗೆ 900 ಬರುವಂತೆ ತುಳಿದರೆ ಹಿಂದಕ್ಕೆ ಹೋಗುವುದು ಸುಮಾರು 560 ಎಂದು ಅಂದಾಜಿಸಬಹುದು. ಗುಬ್ಬಿ ತಿರುಗಿಸಿದಾಗ ಬದಲಾಗುವುದು ಮಿತಿಯೇ ಹೊರತು ಅದರಾಚೆಯ ಪ್ರಮಾಣವಲ್ಲ.

ಈಗ ಆಯ್ಕೆಯ ಮಾತು. ನಿನ್ನ ಕಾರಿನ ಬ್ರೇಕುಗಳು ಕಾರ್ಖಾನೆಯಿಂದ ಬಂದಂತೆಯೇ ಇದ್ದರೆ ಗುಬ್ಬಿಯ ವಾಲ್ವೇ ಬೇಡ. ಎಬಿಎಸ್ ಇಲ್ಲದೆ ಮಾರಾಟವಾದ ಇದೇ ಮಿಯಾಟಾದಲ್ಲಿ ಎಂಜಿನ್ ಕೋಣೆಯ ಹಿಂದಿನ ಗೋಡೆಯ ಮೇಲೆ ಕಾರ್ಖಾನೆಯವರೇ ಕೂರಿಸಿದ ವಾಲ್ವ್ ಇದೆ. ಅದನ್ನೂ ಅದರ ಪೈಪುಗಳನ್ನೂ ತಂದು ಹಾಕು. ಆ ಕಾರನ್ನು ರೂಪಿಸಿದವರು ಮಾಡಿಟ್ಟ ಲೆಕ್ಕ ನನ್ನ ನಿನ್ನ ಲೆಕ್ಕಕ್ಕಿಂತ ಮೇಲು. ಬ್ರೇಕ್ ಪ್ಯಾಡನ್ನು ಒತ್ತುವ ದೊಡ್ಡ ಕ್ಯಾಲಿಪರ್, ಬೇರೆ ಪ್ಯಾಡು, ರೇಸಿನ ಟೈರು ಇವುಗಳಲ್ಲಿ ಯಾವುದನ್ನಾದರೂ ಹಾಕಿದ್ದರೆ ಮಾತ್ರ ಗುಬ್ಬಿಯದನ್ನು ಕೊಳ್ಳು. ಆಗ ಕಾರ್ಖಾನೆಯದನ್ನು ಪೂರ್ತಿ ತೆಗೆದುಬಿಡಬೇಕು. ಎರಡನ್ನೂ ಒಂದರ ಹಿಂದೊಂದು ಜೋಡಿಸಿದರೆ ಕಡಿತದ ಮೇಲೆ ಕಡಿತ ಬಿದ್ದು ಹಿಂದಿನ ಬ್ರೇಕು ಹೆಸರಿಗೆ ಮಾತ್ರ ಉಳಿಯುತ್ತದೆ.

ಹಿಂದಿನ ಚಕ್ರ ಮೊದಲು ಲಾಕ್ ಆದರೆ ಏನಾಗುತ್ತದೆಂಬುದನ್ನು ನಾನು ಪುಸ್ತಕದಿಂದ ಕಲಿತವನಲ್ಲ. ಬಹಳ ಹಿಂದೆ ಒಂದು ಪಿಕಪ್ ಗಾಡಿ ನನ್ನಲ್ಲಿಗೆ ಬಂದಿತ್ತು. ಹಿಂದಿನ ಅಚ್ಚಿನ ಭಾರ ನೋಡಿ ಒತ್ತಡ ಹೊಂದಿಸುವ ವಾಲ್ವ್ ಅದರಲ್ಲಿತ್ತು. ಅದರ ಕಡ್ಡಿ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಹೊಸದು ಬರಲು ವಾರ ಹಿಡಿಯುತ್ತದೆ, ಅಷ್ಟರವರೆಗೆ ನೇರ ಪೈಪು ಹಾಕಿಕೊಡಿ ಎಂದು ಮಾಲೀಕರು ಬೇಡಿಕೊಂಡರು, ನಾನು ಹಾಕಿಕೊಟ್ಟೆ. ಲೋಡು ಇಳಿಸಿ ಖಾಲಿ ಗಾಡಿಯಲ್ಲಿ ಶಿರಾಡಿ ಘಾಟಿ ಹತ್ತಿ ಬರುವಾಗ ದನ ಅಡ್ಡ ಬಂತೆಂದು ಚಾಲಕ ಬಲವಾಗಿ ತುಳಿದ. ಸುದ್ದಿ ತಿಳಿದು ನಾನು ಹೋದಾಗ ಗಾಡಿ ಬಂದ ದಾರಿಗೇ ಮುಖ ಮಾಡಿ ನಿಂತಿತ್ತು. ಒಣ ಡಾಂಬರಿನ ಮೇಲೆ ಹಿಂದಿನ ಚಕ್ರಗಳ ಎರಡು ಕಪ್ಪು ಗೆರೆಗಳು ಹತ್ತು ಹೆಜ್ಜೆ ನೆಟ್ಟಗೆ ಬಂದು, ಆಮೇಲೆ ಕುಡುಗೋಲಿನಂತೆ ಬಾಗಿ ಕಣಿವೆಯ ಅಂಚಿನವರೆಗೂ ಹೋಗಿದ್ದವು. ಚಾಲಕ ಕಲ್ಲಿನ ಮೇಲೆ ಕೂತಿದ್ದ. ನೀರಿನ ಲೋಟ ಹಿಡಿಯಲು ಅವನ ಕೈಗೆ ಆಗುತ್ತಿರಲಿಲ್ಲ. ಅವನು ಬದುಕಿದ್ದು ದೈವಕೃಪೆ. ತಪ್ಪು ಮಾತ್ರ ನನ್ನದೇ. ಮುಂದಿನ ಚಕ್ರ ಲಾಕ್ ಆದರೆ ಕಾರು ತಿರುಗದಿದ್ದರೂ ನೇರವಾಗಿ ಹೋಗುತ್ತದೆ, ಬ್ರೇಕು ಸಡಿಲಿಸಿದರೆ ಮತ್ತೆ ಮಾತು ಕೇಳುತ್ತದೆ. ಹಿಂದಿನದು ಲಾಕ್ ಆದರೆ ಅಡ್ಡಡ್ಡ ಜಾರದಂತೆ ಹಿಡಿದುಕೊಳ್ಳುವ ಶಕ್ತಿಯನ್ನೇ ಕಳೆದುಕೊಂಡು ಬಾಲ ಮುಂದಕ್ಕೆ ಬರುತ್ತದೆ.

ಜೋಡಿಸುವಾಗ ವಾಲ್ವನ್ನು ಹಿಂದಿನ ಪೈಪಿನ ಸಾಲಿಗೆ ಮಾತ್ರ ಹಾಕು, ಮುಂದಿನ ಬ್ರೇಕಿಗೆ ಎಂದಿಗೂ ಬೇಡ. ನಿನ್ನ ಕಾರಿನಲ್ಲಿ ತುಳಿತವನ್ನು ಆಯಿಲಿನ ಒತ್ತಡವಾಗಿಸುವ ಮಾಸ್ಟರ್ ಸಿಲಿಂಡರಿನ ಒಂದು ಸಾಲು ಮುಂದಕ್ಕೆ, ಇನ್ನೊಂದು ಹಿಂದಕ್ಕೆ ಹೋಗುವುದರಿಂದ ಒಂದೇ ವಾಲ್ವ್ ಸಾಕು. (ನಿನ್ನ ತಮ್ಮ ಇಲ್ಲಿ ಮನೆಯ ಸಣ್ಣ ಕಾರಿಗೂ ಹೀಗೇ ಮಾಡೋಣವೆನ್ನುತ್ತಿದ್ದಾನೆ. ಮುಂದಿನ ಚಕ್ರ ಎಳೆಯುವ ಅಂಥ ಕಾರುಗಳಲ್ಲಿ ಸಾಮಾನ್ಯವಾಗಿ ಒಂದೊಂದು ಸಾಲು ಒಂದು ಮುಂದಿನ ಚಕ್ರಕ್ಕೂ ಅದರ ಎದುರು ಮೂಲೆಯ ಹಿಂದಿನ ಚಕ್ರಕ್ಕೂ ಹೋಗುತ್ತದೆ. ಎರಡು ಹಿಂದಿನ ಪೈಪುಗಳನ್ನು ಒಂದೇ ವಾಲ್ವಿಗೆ ಕೂಡಿಸಿದರೆ ಒಂದು ಕಡೆ ಸೋರಿದ ದಿನ ಎರಡೂ ಸಾಲು ಖಾಲಿಯಾಗುತ್ತವೆ. ಅಲ್ಲದೆ ವಾಹನದ ಮೂಲ ರೂಪ ಬದಲಿಸುವುದನ್ನು ನಮ್ಮ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ನಿರ್ಬಂಧಿಸುತ್ತದೆ. ಅವನಿಗೆ ನೀನೂ ಹೇಳು.)

ಕೊಂಡ ವಾಲ್ವಿನ ಮರೆಯನ್ನು (ತಿರುಪಿನ ಸುತ್ತುಗೆರೆ, ಥ್ರೆಡ್) ಕೈಯಿಂದಲೇ ಪರೀಕ್ಷಿಸು. ನಿನ್ನ ಕಾರಿನದು 10 ಮಿಲಿಮೀಟರಿನ ಮೆಟ್ರಿಕ್ ಮರೆ. ಅಮೆರಿಕದ ವಾಲ್ವುಗಳಲ್ಲಿ ಹೆಚ್ಚಿನವು ಅಂಗುಲದ ಲೆಕ್ಕದವು. 3/8 ಅಂಗುಲದ ನಟ್ಟು ಎಂದರೆ 9.5 ಮಿಲಿಮೀಟರ್, ಅದು 10ರ ತೂತಿಗೆ ಸಲೀಸಾಗಿ ಹತ್ತುತ್ತದೆ, ಆದರೆ ಬೀಳಲಿರುವ ಹಾಲುಹಲ್ಲಿನಂತೆ ಅಲುಗಾಡುತ್ತದೆ. ಸ್ಪ್ಯಾನರಿನಿಂದ ಬಿಗಿದರೆ ಅಲುಗಾಟ ನಿಂತಂತೆ ಕಾಣುತ್ತದೆ. ಜೋರಾಗಿ ತುಳಿದ ದಿನ ಮರೆ ಕಿತ್ತು ಹೊರಬರುತ್ತದೆ. ಪೈಪಿನ ತುದಿಯ ಅಗಲಿಸಿದ ಬಾಯಿ (ಫ್ಲೇರ್) ಕೂಡ ವಾಲ್ವಿನೊಳಗೆ ಅದು ಕೂರುವ ಜಾಗಕ್ಕೆ ಹೊಂದುವ ಜಾತಿಯದೇ ಆಗಿರಬೇಕು. ಬರಿ ತಾಮ್ರದ ಪೈಪು ಬೇಡ, ಉಕ್ಕಿನದು ಅಥವಾ ತಾಮ್ರ-ನಿಕ್ಕಲ್ಲಿನದು ಇರಲಿ. ವಾಲ್ವನ್ನು ಪೈಪಿಗೆ ನೇತುಬಿಡದೆ ಬ್ರಾಕೆಟ್ಟಿಗೆ ಕಟ್ಟು, ಸೈಲೆನ್ಸರಿನ ಬಿಸಿಯಿಂದ ದೂರವಿಡು. ಪೈಪುಗಳೊಳಗಿನ ಗಾಳಿ ತೆಗೆಯುವ ಮುಂಚೆ ವಾಲ್ವನ್ನು ಪೂರ್ತಿ ತೆರೆದು, ಹೊಸ ಡಬ್ಬಿಯ ಡಾಟ್ 4 ಬ್ರೇಕ್ ಆಯಿಲನ್ನೇ ಸುರಿ.

ಹೊಂದಿಸುವುದನ್ನು ಯಾರೂ ಓಡಾಡದ ವಿಶಾಲವಾದ ಡಾಂಬರಿನ ಮೇಲೆ, ಒಣ ದಿನವೇ ಮಾಡು. ಒದ್ದೆ ನೆಲದಲ್ಲಿ ಭಾರ ಕಡಿಮೆ ವಾಲುವುದರಿಂದ ಹಿಂದಿನ ಚಕ್ರ ಹೆಚ್ಚು ಪಾಲು ಹೊರುತ್ತದೆ. ಅದನ್ನು ನಂಬಿ ಗುಬ್ಬಿ ತಿರುಗಿಸಿಟ್ಟರೆ ಒಣ ದಿನ ಮೋಸ ಹೋಗುತ್ತೀಯೆ. ಪೆಟ್ರೋಲು ತಳದಲ್ಲಿರಲಿ, ಟೈರು ಬಿಸಿಯಾಗಿರಲಿ. ಹಿಂದಕ್ಕೆ ಅತಿ ಕಡಿಮೆ ಒತ್ತಡ ಹೋಗುವಂತಿಟ್ಟು ಶುರುಮಾಡು, ಗಂಟೆಗೆ 40 ಮೈಲಿಯಿಂದ ನೇರವಾಗಿ ತುಳಿ. ಪಕ್ಕದಲ್ಲಿ ದೂರ ನಿಂತ ಗೆಳೆಯ ಯಾವ ಚಕ್ರ ಮೊದಲು ನಿಂತಿತೆಂದು ಫೋನಿನಲ್ಲಿ ಚಿತ್ರ ಹಿಡಿಯಲಿ. ಅರ್ಧರ್ಧ ಸುತ್ತು ಹೆಚ್ಚಿಸುತ್ತ ಹೋಗು. ಹಿಂದಿನದು ಮೊದಲು ನಿಂತ ಕೂಡಲೇ ಒಂದು ಸುತ್ತು ಹಿಂದಕ್ಕೆ ಬಾ, 60 ಮೈಲಿಯಲ್ಲಿ ಮತ್ತೆ ನೋಡು. ಮುಂದಿನದೇ ಮೊದಲು ನಿಲ್ಲುತ್ತದೆಂದು ಖಾತ್ರಿಯಾಗುವವರೆಗೆ ಬಿಡಬೇಡ. ಟೈರನ್ನೋ ಪ್ಯಾಡನ್ನೋ ಬದಲಿಸಿದ ದಿನ ಇದನ್ನೆಲ್ಲ ಮೊದಲಿನಿಂದ ಮಾಡು.

ಪೈಪುಗಳನ್ನು ಕಳಚುವ ಮುಂಚೆ ಎಬಿಎಸ್ ಬ್ಲಾಕಿನಿಂದ ಯಾವುದು ಎಲ್ಲಿಗೆ ಹೋಗುತ್ತದೆಂದು ಒಂದೊಂದಾಗಿ ಬೆರಳಿಟ್ಟು ನೋಡಿ, ಕಾಗದದ ಮೇಲೆ ಗೆರೆ ಎಳೆದು ನನಗೆ ಕಳಿಸು. ನಾನು ನೋಡಿ ಸರಿಯೆಂದು ಬರೆದ ಮೇಲೆ ಸ್ಪ್ಯಾನರ್ ಹಿಡಿ.

ಇತಿ,
ನಿನ್ನ ಸೋದರಮಾವ