ವಿಷಯ: ಸ್ಟೀಲ್ ತೊಳೆಯುವ ನಿಮ್ಮ ಪಿಕ್ಲಿಂಗ್ ಪೇಸ್ಟ್ ಮತ್ತು ಅದರ ‘ಸಣ್ಣ ಕಿರಿಕಿರಿ’

ಮಾನ್ಯರೇ,

ಇದು ನನ್ನ ನಾಲ್ಕನೇ ಪತ್ರ. ಮೊದಲ ಮೂರು ಇಂಗ್ಲಿಷಿನಲ್ಲಿ, ಈಮೇಲ್‌ನಲ್ಲಿ ಹೋದವು. ಒಂದಕ್ಕೂ ಉತ್ತರ ಇಲ್ಲ. ನಿಮ್ಮ ಟೆಕ್ನಿಕಲ್ ಮ್ಯಾನೇಜರ್ ಸಾಹೇಬರು ಧಾರವಾಡ ಕಡೆಯವರು ಅಂತ ಚಿಂಚವಡದ ನಿಮ್ಮ ಆಫೀಸಿಗೆ ಬಂದಾಗ ಗೊತ್ತಾಯಿತು. ಅದಕ್ಕೇ ಈ ಸಲ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಭಾಷೆ ತಿಳಿಯಲಿಲ್ಲ ಅನ್ನುವ ನೆಪ ಬೇಡ.

ಇವತ್ತು ಬೆಳಿಗ್ಗೆ ನಿಮ್ಮ ಅಕೌಂಟ್ಸ್‌ನವರಿಂದ ವಾಟ್ಸಾಪ್ ಬಂತು. ಪೇಸ್ಟಿನ ಬಿಲ್ ಬಾಕಿ ಇದೆಯಂತೆ, ಬೇಗ ಕಟ್ಟಬೇಕಂತೆ, ಕೊನೆಗೆ ಕೈಮುಗಿದ ಚಿತ್ರ ಬೇರೆ. ಅದೇ ಪೇಸ್ಟಿನಿಂದ ಉಗುರು ಕಳೆದುಕೊಂಡ ಹುಡುಗ ಆಗ ನನ್ನೆದುರಿಗೇ ಎಡಗೈಯಲ್ಲಿ ಚಹಾ ಹಿಡಿದುಕೊಂಡು ನಿಂತಿದ್ದ. ಅಲ್ಲಿಯವರೆಗೂ ನಾನು ಸಮಾಧಾನವಾಗಿಯೇ ಇದ್ದೆ.

ನಮ್ಮದು ಪುಣೆ ಹತ್ತಿರದ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಸಣ್ಣ ವರ್ಕ್‌ಶಾಪ್. ಡೈರಿಗಳಿಗೆ ಸ್ಟೇನ್‌ಲೆಸ್ ಸ್ಟೀಲ್ ಟ್ಯಾಂಕ್ ಮಾಡುತ್ತೇವೆ. ವೆಲ್ಡ್ ಮಾಡಿದ ಜಾಗ ನೀಲಿ-ಕಪ್ಪಾಗುತ್ತದೆ, ಅದಕ್ಕೆ ಬ್ರಷ್‌ನಲ್ಲಿ ಪೇಸ್ಟ್ ಬಳಿದು, ಸ್ವಲ್ಪ ಹೊತ್ತು ಬಿಟ್ಟು, ನೀರಿನಲ್ಲಿ ತೊಳೆದರೆ ಸ್ಟೀಲ್ ಬಿಳಿಯಾಗುತ್ತದೆ. ವರ್ಷಗಟ್ಟಲೆ ಬೇರೆಯವರ ಮಾಲು ತರಿಸುತ್ತಿದ್ದೆ. ನಿಮ್ಮದು ಅಗ್ಗ ಅಂತ ಈ ಸಲ ನಿಮ್ಮಲ್ಲಿ ತೆಗೆದುಕೊಂಡೆ. ಅದು ನನ್ನ ತಪ್ಪು, ಒಪ್ಪುತ್ತೇನೆ.

ಮಾಲಿನ ಜೊತೆ ನೀವು ಕೊಟ್ಟ ಸೇಫ್ಟಿ ಡೇಟಾ ಶೀಟ್ ನನ್ನ ಹತ್ತಿರ ಇದೆ. 16 ಸೆಕ್ಷನ್, ಮೇಲೆ ‘ಜಿಎಚ್‌ಎಸ್ ಪ್ರಕಾರ ತಯಾರಿಸಿದ್ದು’ ಅಂತ ದಪ್ಪಕ್ಷರ. ಜಿಎಚ್‌ಎಸ್ ಅಂದರೆ ಕೆಮಿಕಲ್‌ಗಳ ಅಪಾಯ ವಿಂಗಡಿಸಿ ಲೇಬಲ್ ಹಾಕುವ ವಿಶ್ವಸಂಸ್ಥೆಯ ಪದ್ಧತಿ. ಸೆಕ್ಷನ್ 2ರಲ್ಲಿ ಅಪಾಯದ ಕೋಡ್ ಎಚ್315, ಎಚ್319. ಅಂದರೆ ಚರ್ಮಕ್ಕೆ, ಕಣ್ಣಿಗೆ ಕಿರಿಕಿರಿ. ಚಿತ್ರ ಒಂದೇ, ಆಶ್ಚರ್ಯಸೂಚಕ ಚಿಹ್ನೆ. ಸೆಕ್ಷನ್ 3ರಲ್ಲಿ ‘ಆಮ್ಲಗಳ ಮಿಶ್ರಣ, ವ್ಯಾಪಾರ ರಹಸ್ಯ’. ಸೆಕ್ಷನ್ 4ರಲ್ಲಿ ಸೋಪು ನೀರಿನಲ್ಲಿ ತೊಳೆಯಿರಿ. ಸೆಕ್ಷನ್ 8ರಲ್ಲಿ ಸಾಮಾನ್ಯ ಕೈಗವಸು ಸಾಕು. ಸೆಕ್ಷನ್ 14ರಲ್ಲಿ ಸಾಗಣೆಗೆ ಅಪಾಯಕಾರಿ ಅಲ್ಲ. ಆದರೆ ಡಬ್ಬಿ ಬಂದ ರಟ್ಟಿನ ಪೆಟ್ಟಿಗೆ ಮೇಲೆ ಅಪಾಯಕಾರಿ ಸಾಗಣೆಯ 8ನೇ ಕ್ಲಾಸಿನ ಸ್ಟಿಕ್ಕರ್ ಇತ್ತು, ಆ್ಯಸಿಡ್ ತೊಟ್ಟಿಕ್ಕಿ ಕೈ ಸುಡುವ ಚಿತ್ರ ಇರುತ್ತದಲ್ಲ, ಅದೇ. ಟೆಂಪೋ ಡ್ರೈವರ್‌ಗೆ ಹೇಳಿದ ಸತ್ಯವನ್ನು ಕೈಯಲ್ಲಿ ಬಳಿಯುವವನಿಗೆ ಹೇಳಲು ನಿಮಗೆ ಏನು ಅಡ್ಡ ಬಂತು?

ನಮ್ಮ ಹುಡುಗ ಇಂಡಿ ತಾಲೂಕಿನವನು, 23 ವರ್ಷ. ನಿಮ್ಮ ಶೀಟ್ ನಂಬಿ ತೆಳು ರಬ್ಬರ್ ಕೈಗವಸು ಹಾಕಿಕೊಂಡ. ತೋರುಬೆರಳಿನ ತುದಿಯಲ್ಲಿ ಒಂದು ಸಣ್ಣ ತೂತಿತ್ತು. ಸಂಜೆ 4ಕ್ಕೆ ಕೆಲಸ ಮುಗಿಸಿ ಕೈ ತೊಳೆದ, ಏನೂ ಆಗಿರಲಿಲ್ಲ. ರಾತ್ರಿ 11ಕ್ಕೆ ಫೋನ್ ಮಾಡಿದ. ಉಗುರಿನ ಕೆಳಗೆ ಯಾರೋ ಸುತ್ತಿಗೆಯಿಂದ ಬಡಿದ ಹಾಗಾಗುತ್ತಿದೆ ಅಂದ. ಹೋಗಿ ನೋಡಿದರೆ ಬೆರಳಿನ ತುದಿ ನೀರಲ್ಲಿ ನೆನೆದ ಹಾಗೆ ಬೆಳ್ಳಗಾಗಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಮೊದಲು ಕೇಳಿದ್ದೇ ‘ಯಾವ ಕೆಮಿಕಲ್?’ ಅಂತ. ನಿಮ್ಮ ಶೀಟ್ ಕೊಟ್ಟೆ. ‘ಇದರಲ್ಲಿ ಹೆಸರೇ ಇಲ್ವಲ್ಲ’ ಅಂದರು. ನಿಮ್ಮ ಎಮರ್ಜೆನ್ಸಿ ನಂಬರ್‌ಗೆ 12:20ಕ್ಕೆ ಫೋನ್ ಮಾಡಿದೆ. ಕಚೇರಿ ಸಮಯ ಬೆಳಿಗ್ಗೆ 10ರಿಂದ ಸಂಜೆ 6 ಅಂತ ಒಂದು ಹೆಣ್ಣು ಧ್ವನಿ ತುಂಬಾ ಮರ್ಯಾದೆಯಿಂದ ಹೇಳಿತು. ಬೆಂಕಿ, ಆ್ಯಸಿಡ್ ಎಲ್ಲ ನಿಮ್ಮ ಟೈಮಿಗೆ ಬರಬೇಕು ಅಂತ ನಮಗೆ ಮೊದಲೇ ತಿಳಿಸಬಹುದಿತ್ತು. ಡಾಕ್ಟರಮ್ಮನಿಗೇ ಅನುಮಾನ ಬಂತು. ಸ್ಟೀಲ್ ತೊಳೆಯುವ ಪೇಸ್ಟ್, ನೋವು ತಡವಾಗಿ ಶುರುವಾಗಿದೆ, ಹೈಡ್ರೋಫ್ಲೋರಿಕ್ ಆ್ಯಸಿಡ್ ಇರಬೇಕು ಅಂತ. ಕ್ಯಾಲ್ಸಿಯಂ ಗ್ಲುಕೋನೇಟ್ ಕೊಟ್ಟರು. ಬೆಳಿಗ್ಗೆ ಉಗುರು ತೆಗೆದರು. ಈ ಆ್ಯಸಿಡ್ ಚರ್ಮದೊಳಗೆ ಇಳಿದು ಮೈಯಲ್ಲಿರುವ ಕ್ಯಾಲ್ಸಿಯಂ ಹಿಡಿದುಕೊಳ್ಳುತ್ತದೆ, ಜಾಸ್ತಿ ತಗುಲಿದರೆ ಹೃದಯದ ಬಡಿತವೇ ಹೆಚ್ಚುಕಡಿಮೆ ಆಗುತ್ತದೆ, 20 ಪರ್ಸೆಂಟಿಗಿಂತ ತೆಳುವಾಗಿದ್ದರೆ ನೋವು ಗೊತ್ತಾಗಲು 24 ಗಂಟೆಯೂ ಹಿಡಿಯಬಹುದು ಅಂತ ಅವರೇ ಹೇಳಿದ್ದು. ನಿಮ್ಮ ಸೆಕ್ಷನ್ 4ರಲ್ಲಿ ಸೋಪು ಇದೆ.

ಇನ್ನು ನಿಮ್ಮ ಆಫೀಸಿನ ಕತೆ. 11 ಗಂಟೆಗೆ ಬರಲು ಹೇಳಿದ್ದರು, ಒಳಗೆ ಕರೆದಾಗ 12:40. ಸಾಹೇಬರ ಕುರ್ಚಿಯ ಹಿಂದೆ ಗೋಡೆಗೆ ದೊಡ್ಡ ಚಾರ್ಟ್, ಕೆಂಪು ಅಂಚಿನ ಒಂಬತ್ತು ಡೈಮಂಡ್ ಚಿತ್ರಗಳು. ನಾನು ಕೂತ ಜಾಗದಿಂದ ತಲೆಬುರುಡೆ ಸರಿಯಾಗಿ ಅವರ ತಲೆ ಮೇಲೆ ಕಾಣುತ್ತಿತ್ತು. ಪಕ್ಕದಲ್ಲಿ ಕೂತಿದ್ದ ಸೇಲ್ಸ್ ಹುಡುಗನಿಗೆ ಚಹಾ ಬಂತು, ಸಾಹೇಬರಿಗೂ ಬಂತು. ನನಗೆ ಬರಲಿಲ್ಲ. ಚಹಾ ದೊಡ್ಡ ವಿಷಯ ಅಲ್ಲ ಬಿಡಿ, ಆದರೂ ಬರೆಯುತ್ತಿದ್ದೇನೆ.

‘ನೀವು ಕೆಮಿಸ್ಟ್ರಿ ಓದೀರೇನ್ರಿ?’ ಅಂದರು.

‘ಐಟಿಐ ಸರ್, ವೆಲ್ಡರ್ ಟ್ರೇಡ್’ ಅಂದೆ.

ಸೇಲ್ಸ್ ಹುಡುಗನ ಕಡೆ ತಿರುಗಿ ಮರಾಠಿಯಲ್ಲಿ ‘ವೆಲ್ಡರ್ ಆಹೆ, ಎಸ್‌ಡಿಎಸ್ ವಾಚತೋಯ್’ ಅಂದರು. ವೆಲ್ಡರ್ ಆಗಿ ಶೀಟ್ ಓದ್ತಾನೆ ಅಂತ. ಇಬ್ಬರೂ ನಕ್ಕರು. 22 ವರ್ಷದಿಂದ ಪುಣೆಯಲ್ಲಿದ್ದೇನೆ ಸ್ವಾಮಿ, ಮರಾಠಿ ನನಗೂ ಬರುತ್ತದೆ.

ಸೆಕ್ಷನ್ 9 ತೋರಿಸಿದೆ. ಪಿಎಚ್ 1ಕ್ಕಿಂತ ಕಡಿಮೆ ಅಂತ ನೀವೇ ಬರೆದಿದ್ದೀರಿ. ಪಿಎಚ್ ಅಂಕಿ ಕೆಳಗಿಳಿದಷ್ಟೂ ಆ್ಯಸಿಡ್ ಜೋರು. ಪಿಎಚ್ 2 ಅಥವಾ ಅದಕ್ಕಿಂತ ಕೆಳಗಿದ್ದರೆ, ಬೇರೆ ಪರೀಕ್ಷೆಯ ಪುರಾವೆ ಇಲ್ಲದಿದ್ದರೆ, ಚರ್ಮ ಸುಡುವ ಮಾಲು ಅಂತಲೇ ಹಿಡಿಯಬೇಕು, ಅಲ್ವಾ? ಹಾಗಿದ್ದರೆ ಸೆಕ್ಷನ್ 2ರಲ್ಲಿ ಬರೀ ಕಿರಿಕಿರಿ ಯಾಕೆ? ಸಾಹೇಬರು ಕನ್ನಡಕ ಹಾಕಿಕೊಂಡರು, ತೆಗೆದರು. ಅಷ್ಟರಲ್ಲಿ ಫೋನ್ ಬಂತು, ಸೊಸೈಟಿಯ ಗಣಪತಿ ವರ್ಗಣಿ ವಿಷಯ. ಏಳು ನಿಮಿಷ ಮಾತಾಡಿದರು, ನಾನು ಪಿಎಚ್ ಸಾಲಿನ ಮೇಲೆ ಬೆರಳಿಟ್ಟುಕೊಂಡೇ ಕೂತಿದ್ದೆ.

‘ಟೈಪಿಂಗ್ ಮಿಸ್ಟೇಕ್ ಇರಬೇಕ್ರಿ’ ಅಂದರು ಕೊನೆಗೆ.

‘ಹಾಗಾದರೆ ಆ್ಯಸಿಡ್ ಇಲ್ವಾ? ವೆಲ್ಡ್ ಹೇಗೆ ಬಿಳಿಯಾಗುತ್ತದೆ?’

ಅಲ್ಲಿಗೆ ಸಿಟ್ಟು ಬಂತು ಅವರಿಗೆ. ‘ಹೈಡ್ರೋಫ್ಲೋರಿಕ್ ಐದೇ ಐದು ಪರ್ಸೆಂಟ್ ಐತ್ರಿ. ಐದು ಪರ್ಸೆಂಟಿಗೆ ಯಾರರ ಸಾಯ್ತಾರೇನು? ಜಿಎಚ್‌ಎಸ್ ನಮ್ಮ ದೇಶದಾಗ ಕಡ್ಡಾಯ ಇಲ್ಲ.’ ಗೋಡೆಯ ಚಾರ್ಟ್ ತೋರಿಸಿ ಮತ್ತೆ ಅದ್ಯಾಕೆ ಹಾಕಿದ್ದೀರಿ ಅಂದೆ. ‘ಅದು ಆಡಿಟಿಗೆ ರೀ’ ಅಂದರು. ಎದ್ದು ಹೊರಟಾಗ ಬಾಗಿಲ ತನಕ ಬಂದು ಹೆಗಲ ಮೇಲೆ ಕೈಯಿಟ್ಟು, ‘ನಮ್ಮ ಕಡೀ ಮಂದಿ ಅದೀರಿ, ಸುಮ್ನ ಬಿಡ್ರಿ, ಒಂದು ಡಬ್ಬಿ ಫ್ರೀ ಕಳಸ್ತೀನಿ’ ಅಂದರು. ಯಾವುದರ ಡಬ್ಬಿ? ಅದೇ ಪೇಸ್ಟಿನದು.

ಐದು ಪರ್ಸೆಂಟ್ ಅಂತ ಬಾಯಿಬಿಟ್ಟಿದ್ದು ಒಳ್ಳೆಯದಾಯಿತು. ಮನೆಗೆ ಬಂದು ಮಗಳ ಜೊತೆ ಕೂತು ಲೆಕ್ಕ ಹಾಕಿದೆ, ಅವಳು ಬಿಎಸ್ಸಿ. ಯುರೋಪಿನ ಪಟ್ಟಿಯಲ್ಲಿ ಈ ಆ್ಯಸಿಡ್‌ಗೆ ಪ್ರತ್ಯೇಕ ಮಿತಿಯೇ ಇದೆ. 7 ಪರ್ಸೆಂಟ್ ಮತ್ತು ಮೇಲಿದ್ದರೆ ಚರ್ಮ ಸುಡುವ ಮಾಲಿನ ಕೆಟಗರಿ 1ಎ, 1ರಿಂದ 7ರ ಒಳಗಿದ್ದರೆ 1ಬಿ. ಎರಡಕ್ಕೂ ಎಚ್314, ಅಂದರೆ ಚರ್ಮ ತೀವ್ರವಾಗಿ ಸುಡುತ್ತದೆ, ಕಣ್ಣು ಹಾಳಾಗುತ್ತದೆ. ಕಣ್ಣಿಗೆ ಬರೀ ಕಿರಿಕಿರಿ ಅಂತ ಬರೆಯಲು 1 ಪರ್ಸೆಂಟಿಗಿಂತ ಕಡಿಮೆ ಇರಬೇಕು. ವಿಷದ ಲೆಕ್ಕ ಬೇರೆ. ಚರ್ಮದ ಮೂಲಕ ಇದು ಕೆಟಗರಿ 1 ವಿಷ, ಲೆಕ್ಕಕ್ಕೆ ಮೈತೂಕದ ಕಿಲೋಗೆ 5 ಮಿಲಿಗ್ರಾಂ ಹಿಡಿಯಬೇಕು, ಈ ಅಂಕಿ ಸಣ್ಣದಾದಷ್ಟೂ ವಿಷ ಜೋರು. ಆ್ಯಸಿಡ್ 5 ಪರ್ಸೆಂಟ್ ಇದ್ದರೆ, 5ನ್ನು 5 ಪರ್ಸೆಂಟಿನಿಂದ ಭಾಗಿಸಿ, ಮಿಶ್ರಣಕ್ಕೆ ಬರುವುದು 100. 50ರಿಂದ 200ರ ಒಳಗೆ ಬಿದ್ದದ್ದು ಕೆಟಗರಿ 2, ಎಚ್310, ಅಂದರೆ ಚರ್ಮಕ್ಕೆ ತಗುಲಿದರೆ ಪ್ರಾಣಕ್ಕೇ ಅಪಾಯ, ತಲೆಬುರುಡೆ ಚಿತ್ರ. ಇದು ಟೆಂಪೋ ಬಿಲ್ ಹಿಂದೆ ಬರೆದ ಲೆಕ್ಕ. ಇಂಥ ಪೇಸ್ಟಿನಲ್ಲಿ ಸಾಮಾನ್ಯವಾಗಿ ಇರುವ ನೈಟ್ರಿಕ್ ಆ್ಯಸಿಡ್ ಇನ್ನೂ ಸೇರಿಸಿಲ್ಲ. ನಿಮ್ಮಲ್ಲಿ ಎಂಎಸ್ಸಿ ಓದಿದವರು ಇದ್ದಾರಲ್ಲ, ತಪ್ಪಿದ್ದರೆ ತಿದ್ದಲಿ.

ಎರಡು ದಿನಕ್ಕೆ ‘ಪರಿಷ್ಕೃತ’ ಶೀಟ್ ಬಂತು. ಖುಷಿಯಿಂದ ತೆರೆದೆ. ರಿವಿಷನ್ 2, ಹೊಸ ತಾರೀಖು. ಸೆಕ್ಷನ್ 2ರಲ್ಲಿ ಅದೇ ಎಚ್315. ಸೆಕ್ಷನ್ 4ರಲ್ಲಿ ಅದೇ ಸೋಪು. ಎರಡೂ ಶೀಟ್ ಪಕ್ಕಪಕ್ಕ ಇಟ್ಟು ಸಾಲು ಸಾಲು ನೋಡಿದೆವು. ಬದಲಾದದ್ದು ಒಂದೇ ಸಾಲು. ಪಿಎಚ್ ಇದ್ದ ಜಾಗದಲ್ಲಿ ‘ಮಾಹಿತಿ ಲಭ್ಯವಿಲ್ಲ’ ಅಂತ ಬಂದಿತ್ತು.

ಅದನ್ನು ನೋಡಿದ ಮೇಲೆ ಇದು ಗೊತ್ತಿಲ್ಲದೆ ಆದ ತಪ್ಪು ಅಂತ ನಂಬಲು ನನ್ನಿಂದ ಆಗುವುದಿಲ್ಲ.

ಜಿಎಚ್‌ಎಸ್ ಕಡ್ಡಾಯವೋ ಇಲ್ಲವೋ, ಅದರ ಹೆಸರನ್ನು ಶೀಟಿನ ನೆತ್ತಿಯ ಮೇಲೆ ಹಾಕಿದವರು ನೀವು. ಅದರಲ್ಲೂ ವ್ಯಾಪಾರ ರಹಸ್ಯ ಅಂತ ಹೆಸರು ಮುಚ್ಚಿಡಬಹುದು, ಅಪಾಯ ಮುಚ್ಚಿಡುವ ಹಾಗಿಲ್ಲ, ಡಾಕ್ಟರ್ ಕೇಳಿದರೆ ಹೆಸರೂ ಹೇಳಬೇಕು. ಇನ್ನು ನಮ್ಮ ದೇಶದ 1989ರ ಅಪಾಯಕಾರಿ ರಾಸಾಯನಿಕಗಳ ನಿಯಮ ಇದೆ, 17ನೇ ನಿಯಮ, 9ನೇ ಶೆಡ್ಯೂಲ್, ಸೇಫ್ಟಿ ಡೇಟಾ ಶೀಟ್ ಬಗ್ಗೆಯೇ ಇರುವುದು. ಅದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಆಡಿಟಿಗೆ ಅದನ್ನೂ ಎಲ್ಲೋ ಗೋಡೆಗೆ ಹಾಕಿರುತ್ತೀರಿ.

ಸರಿಯಾದ ಶೀಟ್, ಡಬ್ಬಿಗಳಿಗೆ ಸರಿಯಾದ ಲೇಬಲ್, ಹುಡುಗನ ಆಸ್ಪತ್ರೆ ಬಿಲ್, ಅವನ ಮೂರು ವಾರದ ಪಗಾರ. ಈ ಪತ್ರ ತಲುಪಿ ಹತ್ತು ದಿನದಲ್ಲಿ ಇಷ್ಟು ಬೇಕು. ಈ ಮಾಲು ತೆಗೆದುಕೊಂಡ ಬೇರೆ ವರ್ಕ್‌ಶಾಪ್‌ಗಳಿಗೂ ನೀವೇ ಫೋನ್ ಮಾಡಿ ಹೇಳಿ. ನೀವು ಹೇಳದಿದ್ದರೆ ನಾನು ಹೇಳುತ್ತೇನೆ, ಭೋಸರಿಯಿಂದ ಚಾಕಣ ತನಕ ಫ್ಯಾಬ್ರಿಕೇಟರ್‌ಗಳ ಗ್ರೂಪಿನಲ್ಲಿ ನಾನಿದ್ದೇನೆ. ಎರಡೂ ಶೀಟಿನ ಪ್ರತಿ, ಪೆಟ್ಟಿಗೆಯ ಫೋಟೋ, ಬೆರಳಿನ ಫೋಟೋ ಒಂದೇ ಕವರಿನಲ್ಲಿ ಇಟ್ಟಾಗಿದೆ. ಹನ್ನೊಂದನೇ ದಿನ ಅದು ಇಂಡಸ್ಟ್ರಿಯಲ್ ಸೇಫ್ಟಿ ಇಲಾಖೆಗೆ ಹೋಗುತ್ತದೆ, ಇನ್ನೊಂದು ಪ್ರತಿ ವಕೀಲರಿಗೆ. ನಿಮ್ಮ ಸೇಲ್ಸ್ ಹುಡುಗನಿಗೆ ಹೇಳಿ, ವೆಲ್ಡರ್‌ಗೆ ಓದುವುದಷ್ಟೇ ಅಲ್ಲ, ಬರೆಯುವುದೂ ಬರುತ್ತದೆ ಅಂತ.

ಬಿಲ್ ಕಟ್ಟುವುದಿಲ್ಲ. ಉಳಿದ ಪೇಸ್ಟ್ ಡಬ್ಬಿ ಸೀಲ್ ಮಾಡಿ ಇಟ್ಟಿದ್ದೇನೆ. ಬಂದು ತೆಗೆದುಕೊಂಡು ಹೋಗಿ. ಬರುವಾಗ ಸಾಮಾನ್ಯ ಕೈಗವಸು ಹಾಕಿಕೊಂಡು ಬಂದರೆ ಸಾಕು, ನಿಮ್ಮ ಸೆಕ್ಷನ್ 8 ಹಾಗೇ ಹೇಳುತ್ತದೆ.

ಇಂತಿ,
ಭೋಸರಿಯಿಂದ ನಿಮ್ಮ ಮಾಜಿ ಗಿರಾಕಿ